ಅವ್ವನ ದನಿ ಮರಳಿ ಬಂತು

ಅಕ್ಕ-ತಂಗಿಯರೇ, ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆ ಕೆಲವು ಮನೆಗಳ ಟ್ರಂಕಿನಲ್ಲಿ ಇನ್ನೂ ಒಂದು ಕರೀ ಕ್ಯಾಸೆಟ್ ಇದೆ. ಮದುವೆ ಸೀರೆಯ ಕೆಳಗೆ ಇದೆ. ಅದು ಮದುವೆಯ ವಿಡಿಯೋ. ಇಂದು ಅದನ್ನು ನೋಡೋದು ಹ್ಯಾಂಗ? ತಿಳಿಯೋಣ ಬರ್ರಿ.

ಚಿತ್ತಾಪುರ ತಾಲೂಕಿನ ಒಬ್ಬ ಅಕ್ಕನ ಮದುವೆ 1996ರಲ್ಲಿ ಆಯಿತು. ಅಕ್ಕಿಕಾಳು ಹಾಕುವಾಗ ಅವಳ ಅವ್ವ ಹಾಡು ಹಾಡಿದಳು. ವಿಡಿಯೋದವನು ಅದನ್ನು ಹಿಡಿದ. ಈಗ ಅವ್ವ ಇಲ್ಲ. ಅವಳ ದನಿ ಆ ಕ್ಯಾಸೆಟ್ಟಿನಲ್ಲಿ ಮಾತ್ರ ಇದೆ.

ಕ್ಯಾಸೆಟ್ ಹಾಕುವ ಯಂತ್ರಕ್ಕೆ ವಿಸಿಆರ್ ಅನ್ನುತ್ತಾರೆ. ಈ ಬಗೆಯ ಕ್ಯಾಸೆಟ್ 1976ರಲ್ಲಿ ಜಪಾನಿನಲ್ಲಿ ಬಂತು. ಇದರ ವಿಸಿಆರ್ ಮಾಡುವುದನ್ನು ಜಪಾನಿನ ಕೊನೆಯ ಕಂಪನಿ 2016ರಲ್ಲಿ ನಿಲ್ಲಿಸಿತು. ಹಳೆ ಯಂತ್ರ ಸಿಕ್ಕರೂ ಕ್ಯಾಸೆಟ್ ಹಾಗೇ ಉಳಿಯುವುದಿಲ್ಲ. ತಂಪು ತಗುಲಿದರೆ ಒಳಗಿನ ಪಟ್ಟಿಗೆ ಬೂಜು ಹತ್ತುತ್ತದೆ. ಬಿಸಿಲಿಗೆ ಪಟ್ಟಿ ಕೆಡುತ್ತದೆ. ಅದಕ್ಕೇ ತಡ ಮಾಡಬಾರದು.

ಅಕ್ಕ ಒಂದು ಅಂಗಡಿಗೆ ಕ್ಯಾಸೆಟ್ ಕೊಟ್ಟಳು. ಅಂಗಡಿಯವರು ಕ್ಯಾಸೆಟ್ಟನ್ನು ವಿಸಿಆರ್‌ನಲ್ಲಿ ಹಾಕಿದರು. ವೈರಿನಿಂದ ಕಂಪ್ಯೂಟರಿಗೆ ಜೋಡಿಸಿದರು. ಕ್ಯಾಸೆಟ್ ಓಡಿದಂತೆ ಕಂಪ್ಯೂಟರ್ ಅದನ್ನು ಬರೆದುಕೊಂಡಿತು. ಮೂರು ತಾಸಿನ ಕ್ಯಾಸೆಟ್ಟಿಗೆ ಮೂರು ತಾಸೇ ಬೇಕು. ಹೀಗೆ ಬರೆದಿಟ್ಟದ್ದಕ್ಕೆ ಫೈಲ್ ಎಂದು ಹೆಸರು. ಆ ಫೈಲನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟರು.

ಅಕ್ಕ ಮನೆಗೆ ಬಂದು ಟಿವಿಗೆ ಹಚ್ಚಿದಳು. ಹಂದರ ಕಂಡಿತು. ಅವ್ವ ಕಂಡಳು. ಆದರೆ ದನಿ ಇಲ್ಲ!

"ಅವ್ವ ಬಾಯಿ ಆಡಸ್ತಾಳ. ಹಾಡು ಕೇಳಸವಲ್ದು" ಎಂದು ಅಕ್ಕ ಕಣ್ಣೀರು ಹಾಕಿದಳು.

ದನಿ ಎಲ್ಲಿ ಹೋಯಿತು?

ಒಂದು ವಿಡಿಯೋದಲ್ಲಿ ಚಿತ್ರ ಬೇರೆ, ದನಿ ಬೇರೆ. ನಮ್ಮ ದೇಶದ ಇಂಥ ಕ್ಯಾಸೆಟ್ಟಿನಲ್ಲಿ ಒಂದು ಸೆಕೆಂಡಿಗೆ 25 ಚಿತ್ರ ಇರುತ್ತವೆ. ಒಂದು ತಾಸಿಗೆ 90,000 ಚಿತ್ರ ಆದವು. ಅಷ್ಟನ್ನೂ ಇದ್ದಂತೆಯೇ ಇಟ್ಟರೆ ಪೆನ್‌ಡ್ರೈವಿನಲ್ಲಿ ಜಾಗ ಸಾಲದು. ಅದಕ್ಕೆ ಕಂಪ್ಯೂಟರ್ ಚಿತ್ರವನ್ನು ಮಡಚಿ ಇಡುತ್ತದೆ. ಹಂದರ ಅಲ್ಲೇ ಇದ್ದರೆ ಅದನ್ನು ಮತ್ತೆ ಮತ್ತೆ ಬರೆಯುವುದಿಲ್ಲ. ಬದಲಾದದ್ದನ್ನು ಮಾತ್ರ ಬರೆಯುತ್ತದೆ. ದನಿಯನ್ನೂ ಹೀಗೇ ಬೇರೆಯಾಗಿ ಮಡಚುತ್ತದೆ. ಮಡಚುವ ಈ ರೀತಿಗೆ ಕೋಡೆಕ್ ಎನ್ನುತ್ತಾರೆ.

ಮಡಚಿದ ಚಿತ್ರ, ಮಡಚಿದ ದನಿ ಎರಡನ್ನೂ ಒಂದು ಡಬ್ಬಿಯಲ್ಲಿ ಇಡುತ್ತಾರೆ. ಡಬ್ಬಿ ಯಾವುದು ಎಂದು ಫೈಲಿನ ಹೆಸರಿನ ಕೊನೆಗೆ ಬರೆದಿರುತ್ತದೆ. ಎಂಪಿ4, ಎವಿಐ, ಎಂಕೆವಿ ಇವೆಲ್ಲ ಡಬ್ಬಿಯ ಹೆಸರು.

ಅಕ್ಕನ ಟಿವಿಗೆ ಚಿತ್ರ ಬಿಚ್ಚಲು ಬಂತು. ದನಿ ಬಿಚ್ಚಲು ಬರಲಿಲ್ಲ. ದನಿ ಫೈಲಿನಲ್ಲೇ ಇತ್ತು. ಟಿವಿಗೆ ತಿಳಿಯಲಿಲ್ಲ, ಅಷ್ಟೇ.

ಹೆಸರು ಬದಲಿಸಿದರೆ ಸಾಕೇ?

ಪಕ್ಕದ ಮನೆಯ ಹುಡುಗ ಫೈಲಿನ ಹೆಸರಿನಲ್ಲಿ ಎಂಕೆವಿ ಅಳಿಸಿ ಎಂಪಿ4 ಎಂದು ಬರೆದ. ದನಿ ಬರಲಿಲ್ಲ. ಹ್ಯಾಂಗ ಬಂದೀತು? ಉಪ್ಪಿನ ಡಬ್ಬಿ ಮೇಲೆ ಸಕ್ಕರಿ ಅಂತ ಬರೆದರೆ ಉಪ್ಪು ಸಿಹಿ ಆಗತದೇನು?

ನಮ್ಮ ತೊಗರಿಯನ್ನೇ ನೋಡ್ರಿ. ಚೀಲದ ತೊಗರಿಯನ್ನು ಡಬ್ಬಿಗೆ ಸುರುವಿದರೆ ಏನೂ ಕಡಿಮೆ ಆಗುವುದಿಲ್ಲ. ತೊಗರಿ ಒಡೆದು ಬ್ಯಾಳಿ ಮಾಡಿದರೆ ಹೊಟ್ಟು, ನುಚ್ಚು ಹೋಗುತ್ತದೆ. ಬ್ಯಾಳಿ ಮತ್ತೆ ತೊಗರಿ ಆಗುವುದಿಲ್ಲ. ವಿಡಿಯೋ ಕೂಡ ಹಾಗೇ. ಡಬ್ಬಿ ಮಾತ್ರ ಬದಲಿಸಿದರೆ ನಷ್ಟವಿಲ್ಲ. ಬಿಚ್ಚಿ ಬೇರೆ ರೀತಿ ಮಡಚಿದರೆ ಸಾಮಾನ್ಯವಾಗಿ ಸ್ವಲ್ಪ ನಷ್ಟ ಆಗುತ್ತದೆ. ಮತ್ತೆ ಮತ್ತೆ ಮಾಡಿದರೆ ಮುಖ ಮಸುಕಾಗುತ್ತದೆ.

ಅಕ್ಕನ ಅಕ್ಕನ ಮಗಳು ವಾಡಿಯಲ್ಲಿ ಇದ್ದಾಳೆ. ಕಂಪ್ಯೂಟರ್ ಕಲಿತಿದ್ದಾಳೆ. ಅವಳು ಫೈಲ್ ನೋಡಿದಳು.

"ಚಿಗವ್ವಾ, ಅಳಬ್ಯಾಡ. ಆಯಿ ದನಿ ಇದರಾಗೇ ಅದ. ಚಿತ್ರ ಮುಟ್ಟೂದು ಬ್ಯಾಡ. ದನಿ ಅಷ್ಟೇ ಬದಲಿ ಮಾಡೋಣು" ಎಂದಳು.

ಎಫ್‌ಎಫ್‌ಎಂಪೆಗ್ ಎಂಬ ಸಾಫ್ಟ್‌ವೇರ್ ಇದೆ. 2000ರಲ್ಲಿ ಶುರುವಾಯಿತು. ಪುಕ್ಕಟೆ ಸಿಗುತ್ತದೆ. ಹುಡುಗಿ ಅದರಿಂದ ಚಿತ್ರವನ್ನು ಇದ್ದಂತೆಯೇ ಇಟ್ಟಳು. ದನಿಯನ್ನು ಮಾತ್ರ ಎಎಸಿ ಎಂಬ ರೀತಿಗೆ ತಂದಳು. ಎರಡನ್ನೂ ಎಂಪಿ4 ಡಬ್ಬಿಗೆ ಹಾಕಿದಳು. ಬಹಳ ಹೊತ್ತು ಹಿಡಿಯಲಿಲ್ಲ.

ಮತ್ತೆ ಟಿವಿಗೆ ಹಚ್ಚಿದರು. ಅವ್ವ ಹಾಡಿದಳು. ಮನೆಯವರೆಲ್ಲ ಸುಮ್ಮನೆ ಕುಳಿತು ಕೇಳಿದರು.

ನಾವು ಏನು ಮಾಡಬೇಕು?

ಅಂಗಡಿಯಲ್ಲಿ ಹೀಗೆ ಕೇಳೋಣ: "ಡಬ್ಬಿ ಎಂಪಿ4 ಇರಲಿ. ಚಿತ್ರ ಎಚ್.264 ಇರಲಿ. ದನಿ ಎಎಸಿ ಇರಲಿ." ಈಗಿನ ಹೆಚ್ಚಿನ ಟಿವಿ, ಮೊಬೈಲಿನಲ್ಲಿ ಇದು ನಡೆಯುತ್ತದೆ. ಈ ಮಾತು ಚೀಟಿಯಲ್ಲಿ ಬರೆದುಕೊಂಡು ಹೋಗೋಣ. ಈಗ ನಮಗೆ ಬರೆಯಲು ಬರುತ್ತದಲ್ಲ!

ಹಣ ಕೊಡುವ ಮೊದಲೇ ಹಚ್ಚಿ ನೋಡೋಣ. ಚಿತ್ರ ನೋಡೋಣ, ದನಿಯನ್ನೂ ಕೇಳೋಣ. ಮೊದಲು, ನಡುವೆ, ಕೊನೆಗೆ ಮೂರೂ ಕಡೆ ನೋಡೋಣ.

ಮೊದಲು ಮಾಡಿದ ಫೈಲನ್ನು ಅಳಿಸಬಾರದು. ಅದೇ ನಮ್ಮ ಬೀಜ. ಬೀಜ ಇದ್ದರೆ ಮತ್ತೆ ಬೆಳೆಯಬಹುದು. ಕ್ಯಾಸೆಟ್ಟನ್ನೂ ಎಸೆಯಬಾರದು. ಎರಡು ಪ್ರತಿ ಮಾಡಿಸೋಣ. ಒಂದು ನಮ್ಮ ಮನೆಯಲ್ಲಿ, ಇನ್ನೊಂದು ತವರಿನಲ್ಲಿ ಇರಲಿ.

ಗುರುತಿಲ್ಲದವರ ಕೈಗೆ ಮನೆಯ ವಿಡಿಯೋ ಕೊಡಬಾರದು. ಕೆಲಸ ಮುಗಿದ ಮೇಲೆ ಅಂಗಡಿಯ ಕಂಪ್ಯೂಟರಿನಿಂದ ಅಳಿಸಲು ಹೇಳೋಣ.

ಇವತ್ತೇ ಟ್ರಂಕು ತೆಗೆದು ನೋಡೋಣ. ನಮ್ಮ ಅವ್ವನ ದನಿಯೂ ಅಲ್ಲಿ ಇರಬಹುದು.