ಬಸವನಹುಳು ಸಾಕುವ ಪೆಟ್ಟಿಗೆ

ತಲೆಯ ಮೇಲೆ ಕೊಂಬು, ಬೆನ್ನ ಮೇಲೆ ಡುಬ್ಬ, ಅವಸರವಿಲ್ಲದ ನಡೆ. ಶಂಖದ ಹುಳುವಿಗೆ ಕನ್ನಡಿಗರು ಬಸವನಹುಳು ಎಂದು ಹೆಸರಿಟ್ಟದ್ದು ಚೆನ್ನಾಗಿ ನೋಡಿಯೇ ಇರಬೇಕು. ಅಮೃತಮಹಲ್ ದನಗಳ ಕಾವಲುಗಳಿರುವ ಚಳ್ಳಕೆರೆ ಸೀಮೆಯಲ್ಲಂತೂ ಈ ಹೆಸರನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಪಕ್ಕದ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಂಥ ಒಣ ಬೆಟ್ಟಗಳಲ್ಲಿ ವರ್ಷದ ಬಹುಪಾಲು ಈ ಹುಳು ಕಣ್ಣಿಗೆ ಬೀಳದು. ಬಿಸಿಲು ಏರಿತೆಂದರೆ ಕಲ್ಲಿನ ಸಂದಿಗೋ ಮಣ್ಣಿನಡಿಗೋ ಸರಿದು, ಚಿಪ್ಪಿನ ಬಾಯಿಗೆ ತನ್ನದೇ ಲೋಳೆಯ ಪೊರೆ ಕಟ್ಟಿ ಮಲಗಿಬಿಡುತ್ತದೆ. ಮಳೆ ಬಿದ್ದಾಗ ಪೊರೆ ಒಡೆದು ಬಂದು ಮೇಯುತ್ತದೆ, ಕೂಡುತ್ತದೆ, ಮೊಟ್ಟೆಯಿಡುತ್ತದೆ. ಇದನ್ನು ಸಾಕುವ ವಿದ್ಯೆಯೆಲ್ಲ ಇಷ್ಟೇ: ಒಂದು ಪೆಟ್ಟಿಗೆಯೊಳಗೆ ಮಳೆಗಾಲವನ್ನು ಹಿಡಿದಿಡುವುದು.

ಗಾಜಿನ ಅಥವಾ ಪ್ಲಾಸ್ಟಿಕ್ ಪೆಟ್ಟಿಗೆ, ಗಾಳಿಯಾಡುವ ಭದ್ರವಾದ ಮುಚ್ಚಳ, ಗೊಬ್ಬರ–ಔಷಧಿ ಸೋಕದ ಮೂರು ಅಂಗುಲ ಮಣ್ಣು. ಮಣ್ಣನ್ನು ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಸೌತೆ, ಕುಂಬಳ, ಸೊಪ್ಪು ಆಹಾರವಾದೀತು. ಉಪ್ಪು ಸೋಕಿದರೆ ಸಾವು. ಮರೆಯಬಾರದ್ದು ಸುಣ್ಣದ ಅಂಶ. ಕೋಳಿಮೊಟ್ಟೆಯ ಓಡನ್ನು ಪುಡಿಮಾಡಿ ಇಟ್ಟರೆ ಸಾಕು. ಅದಿಲ್ಲದಿದ್ದರೆ ಹುಳುಗಳು ಒಂದರ ಚಿಪ್ಪನ್ನು ಇನ್ನೊಂದು ಕೆರೆದು ತಿನ್ನತೊಡಗುತ್ತವೆ. ಮುಟ್ಟಿದ ಮೇಲೆ ಕೈತೊಳೆಯುವುದು ಕಡ್ಡಾಯ, ಮಿದುಳಿಗೆ ಬಾಧೆ ತರುವ ಪರೋಪಜೀವಿ ಕೆಲವು ಬಸವನಹುಳುಗಳಲ್ಲಿರುತ್ತದೆ.

ಗಂಡು ಹೆಣ್ಣು ಹುಡುಕುವ ತೊಂದರೆ ಇಲ್ಲ. ಪ್ರತಿ ಹುಳುವೂ ಎರಡೂ ಹೌದು. ಕೂಡಿದ ಮೇಲೆ ಎರಡೂ ಮೊಟ್ಟೆಯಿಡಬಲ್ಲವು. ಮಣ್ಣಿನೊಳಗಿನ ಮೊಟ್ಟೆಗಳನ್ನು ಕೆದಕದೆ ತೇವ ಕಾಯ್ದರೆ ಮರಿಗಳು ತಾವಾಗಿ ಬರುತ್ತವೆ. ಅವುಗಳ ಮೊದಲ ಊಟ ತಮ್ಮದೇ ಮೊಟ್ಟೆಯ ಓಡು.

ಇದು ಹೊಸ ಹವ್ಯಾಸವೇನಲ್ಲ. ರೋಮಿನ ಫುಲ್ವಿಯಸ್ ಲಿಪ್ಪಿನಸ್ ಎಂಬಾತ ಎರಡು ಸಾವಿರ ವರ್ಷಗಳ ಹಿಂದೆಯೇ ಜಾತಿಗೊಂದು ಆವರಣ ಕಟ್ಟಿ ಇವನ್ನು ಸಾಕಿದ್ದನೆಂದು ಪ್ಲಿನಿ ಬರೆದಿದ್ದಾನೆ. ಅದು ಊಟದ ಮೇಜಿಗಾಗಿ. ಆವರಣದ ಸುತ್ತ ನೀರು ನಿಲ್ಲಿಸಿ ಹುಳು ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳಬೇಕೆಂದು ಅದೇ ಕಾಲದ ವರ್ರೊ ಎಚ್ಚರಿಸಿದ್ದ.

ಆ ಎಚ್ಚರ ತಪ್ಪಿದ್ದರ ಫಲವನ್ನು ಭಾರತ ಇಂದಿಗೂ ಉಣ್ಣುತ್ತಿದೆ. 1847ರಲ್ಲಿ ಚಿಪ್ಪುಗಳ ಅಭ್ಯಾಸಿ ವಿಲಿಯಂ ಬೆನ್ಸನ್ ಮಾರಿಷಸ್‌ನಿಂದ ಆಫ್ರಿಕಾದ ದೈತ್ಯ ಬಸವನಹುಳುಗಳನ್ನು ಕೋಲ್ಕತ್ತಕ್ಕೆ ತಂದ. ಅವು ಚೌರಂಗಿಯ ಒಂದು ತೋಟ ಸೇರಿದವು. ಈಗ ಕೊಡಗಿನ ಕಾಫಿ ತೋಟದಲ್ಲೂ ಅದೇ ಹುಳು. ಹಿಪ್ಪುನೇರಳೆಯನ್ನೂ ಅದು ಬಿಡುವುದಿಲ್ಲ. ರೇಷ್ಮೆ ಸೀರೆಯ ಮೊಳಕಾಲ್ಮುರಿಗೆ ಇದು ಸಣ್ಣ ಮಾತಲ್ಲ. ಒಂದು ಸಲಕ್ಕೆ ನೂರಕ್ಕೂ ಮಿಕ್ಕಿ ಮೊಟ್ಟೆ, ವರ್ಷಕ್ಕೆ ಹಲವು ಸಲ. ಒಮ್ಮೆ ಕೂಡಿದರೆ ತಿಂಗಳುಗಟ್ಟಲೆ ಜೊತೆಯಿಲ್ಲದೆಯೂ ಇಟ್ಟೀತು. 1966ರಲ್ಲಿ ಒಬ್ಬ ಹುಡುಗ ಹವಾಯಿಯಿಂದ ಅಮೆರಿಕದ ಮಯಾಮಿಗೆ ತಂದದ್ದು ಮೂರೇ ಹುಳು. ಅಜ್ಜಿ ಅವನ್ನು ತೋಟಕ್ಕೆ ಬಿಟ್ಟರು. ಏಳು ವರ್ಷಕ್ಕೆ ಅವು 18,000 ಮೀರಿದ್ದವು.

ಆದುದರಿಂದ ಸಾಕುವುದಿದ್ದರೆ ಊರಿನದೇ ಸಣ್ಣ ಹುಳು ಒಳ್ಳೆಯದು. ಎಲ್ಲಿಂದ ತಂದದ್ದೋ ಅದೇ ಕಲ್ಲಿನ ಬುಡಕ್ಕೆ ಮಳೆಗಾಲದಲ್ಲಿ ಮರಳಿ ಬಿಡಬಹುದು. ದೈತ್ಯ ಹುಳುವಿನ ಮೊಟ್ಟೆಯಾದರೆ ಹೊರಗೆಸೆಯುವಂತಿಲ್ಲ, ಫ್ರೀಜರಿನಲ್ಲಿಟ್ಟು ನಾಶಮಾಡಬೇಕು. ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಬರೆಸಿದ, 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಶಾಸನ ಜೀವಿಗಳ ವಿಷಯದಲ್ಲಿ ದೃಢವಾಗಿರಬೇಕೆನ್ನುತ್ತದೆ. ಮೊಟ್ಟೆ ಕೊಲ್ಲುವವನಿಗೆ ಅದು ಹಿತವಾದ ಮಾತಲ್ಲ. ಹೊಲ ಕಳೆದುಕೊಂಡವನ ಎದುರು ಬೇರೆ ದಾರಿಯೂ ಕಾಣದು.

ಇದೇ ಪೆಟ್ಟಿಗೆ ಒಂದು ಕುಲವನ್ನು ಉಳಿಸಿದ್ದೂ ಉಂಟು. ಶಾಂತಸಾಗರದ ಮೂರಿಯಾ ದ್ವೀಪದಲ್ಲಿ ಆಫ್ರಿಕಾದ ಹುಳುವನ್ನು ಅಡಗಿಸಲು 1977ರಲ್ಲಿ ಅಮೆರಿಕದ ಮಾಂಸಾಹಾರಿ ಬಸವನಹುಳುವನ್ನು ಬಿಟ್ಟರು. ಅದು ಪರದೇಶಿಯನ್ನು ಬಿಟ್ಟು ದ್ವೀಪದ ಸ್ವಂತ ಪಾರ್ಟುಲಾ ಹುಳುಗಳನ್ನು ಮುಗಿಸಿತು. ಅಳಿದುಳಿದವನ್ನು ಲಂಡನ್ ಮೊದಲಾದ ಮೃಗಾಲಯಗಳು ಪ್ಲಾಸ್ಟಿಕ್ ಡಬ್ಬಗಳಲ್ಲಿ ಸಾಕಿ, 2015ರಿಂದ ದ್ವೀಪಗಳಿಗೆ ಮರಳಿಸತೊಡಗಿದವು. 2024ರಲ್ಲಿ, ಕಾಡಿನಲ್ಲೇ ಹುಟ್ಟಿ ಬೆಳೆದ ಪಾರ್ಟುಲಾಗಳು ಸಿಕ್ಕಿದವೆಂದು ವರದಿಯಾಯಿತು. ಪಾರ್ಟುಲಾ ಮೊಟ್ಟೆಯಿಡುವುದಿಲ್ಲ, ಮರಿಹಾಕುತ್ತದೆ. ಅದೂ ಸಲಕ್ಕೆ ಒಂದೇ ಮರಿ.