ಗೂಗಲಿನ ಕಟ್ಟಳೆಯೂ ನಮ್ಮ ಹೋಟೆಲಿನ ಹೆಸರೂ

ಹಿಂದೆ ಮಾಟುಂಗಾದಲ್ಲಿ ಉಡುಪಿ ಹೋಟೆಲನ್ನು ಅರಸಿ ಬಂದವನು ದಾರಿಹೋಕರನ್ನು ಕೇಳುತ್ತಿದ್ದನು; ಇಂದು ಕೈಯಲ್ಲಿರುವ ಫೋನಿನಲ್ಲಿ ಗೂಗಲನ್ನು ಕೇಳುತ್ತಾನೆ. ಅಲ್ಲಿ ಮೊದಲ ಪುಟದಲ್ಲಿ ಕಾಣದ ಹೋಟೆಲು ಅವನ ಪಾಲಿಗೆ ಇಲ್ಲದಂತೆಯೇ ಸರಿ. ನಿನ್ನೆ ಮೇಲಿದ್ದ ಹೆಸರು ಇಂದು ಕೆಳಗಿಳಿದರೆ ಗಲ್ಲಾಪೆಟ್ಟಿಗೆ ಹಗುರಾಗುತ್ತದೆ. ಅದರ ಬಿಸಿ ಮಾಲಿಕರಿಗೆ ಮಾತ್ರವಲ್ಲದೆ ಮಾಣಿಗೂ ಗುಮಾಸ್ತನಿಗೂ ತಟ್ಟುತ್ತದೆ. ಆದುದರಿಂದ ಈ ಕಟ್ಟಳೆಗಳ ಮರ್ಮವನ್ನು ನಾವೆಲ್ಲರೂ ಅರಿತಿರುವುದು ಲೇಸು.

1998ರಲ್ಲಿ ಸ್ಥಾಪಿತವಾದ ಗೂಗಲ್, ಒಂದು ಪುಟಕ್ಕೆ ಬೇರೆ ಎಂತಹ ಪುಟಗಳು ಕೊಂಡಿ ಹಾಕಿವೆ ಎಂಬುದನ್ನು ಯೋಗ್ಯತೆಯ ಅಳತೆಗೋಲನ್ನಾಗಿ ಮಾಡಿಕೊಂಡಿತು. ಇದನ್ನರಿತ ಕೆಲವರು ಹಣ ತೆತ್ತು ಕೊಂಡಿಗಳನ್ನು ಕೊಳ್ಳತೊಡಗಿದರು. ಹುರುಳಿಲ್ಲದ ಬರಹಗಳನ್ನು ರಾಶಿ ಹಾಕಿದರು. 2011ರ 'ಪಾಂಡಾ' ಎಂಬ ಮಾರ್ಪಾಟು ಟೊಳ್ಳು ಬರಹಗಳನ್ನು ಕೆಳಗಿಳಿಸಿತು. 2012ರ 'ಪೆಂಗ್ವಿನ್' ಕೃತಕ ಕೊಂಡಿಗಳವರನ್ನು ಹಿಡಿಯಿತು. 2015ರಲ್ಲಿ ಫೋನಿನಲ್ಲಿ ಓದಲು ಅನುಕೂಲವಾದ ಪುಟಗಳಿಗೆ ಫೋನಿನ ಶೋಧದಲ್ಲಿ ಮನ್ನಣೆ ದೊರೆಯಿತು. 2022ರಲ್ಲಿ, ಓದುಗನಿಗಾಗಿ ಅಲ್ಲದೆ ಯಂತ್ರವನ್ನು ಮೆಚ್ಚಿಸಲೆಂದೇ ಬರೆದ ಪುಟಗಳ ಸರದಿ ಬಂದಿತು. 2024ರ ಮಾರ್ಚ್ ತಿಂಗಳಲ್ಲಿ, ಸ್ಥಾನಕ್ಕಾಗಿ ರಾಶಿಗಟ್ಟಲೆ ತಯಾರಿಸಿದ ಪುಟಗಳ ಮೇಲೆ ಕಟ್ಟಳೆ ಬಿಗಿಯಾಯಿತು. ಹೆಸರುಗಳು ಬೇರೆ ಬೇರೆ. ಗುರಿ ಬಹುಮಟ್ಟಿಗೆ ಒಂದೇ. ಬಂದವನಿಗೆ ಬೇಕಾದುದು ಸಿಕ್ಕಬೇಕು, ಸೋಗು ನಿಲ್ಲಬಾರದು.

ಹಾಗಾದರೆ ನಾವು ಮಾಡತಕ್ಕುದೇನು? ಹತ್ತಿರದ ಅಂಗಡಿ ಹೋಟೆಲುಗಳ ಶೋಧದಲ್ಲಿ ಹೊಂದಿಕೆ, ದೂರ, ಖ್ಯಾತಿ ಎಂಬ ಮೂರನ್ನು ಮುಖ್ಯವಾಗಿ ನೋಡುವುದಾಗಿಯೂ, ಹಣ ಕೊಟ್ಟು ಆ ಸ್ಥಾನವನ್ನು ಕೊಳ್ಳಲಾಗದೆಂದೂ ಗೂಗಲ್ ಸಂಸ್ಥೆಯೇ ಹೇಳಿದೆ. ದೂರವು ನಮ್ಮ ಕೈಯಲ್ಲಿಲ್ಲ; ಉಳಿದೆರಡಕ್ಕೆ ದುಡಿಯಬಹುದು. ವಿಳಾಸ, ಫೋನ್ ಸಂಖ್ಯೆ, ಬಾಗಿಲು ತೆರೆಯುವ ವೇಳೆ ಎಲ್ಲೆಡೆಯೂ ಒಂದೇ ಆಗಿರಲಿ. ತಿಂಡಿಗಳ ಪಟ್ಟಿ ಇಂದಿನದಾಗಿರಲಿ. ಚಿತ್ರಗಳು ನಮ್ಮ ಅಡಿಗೆಮನೆಯವೇ ಆಗಿರಲಿ. ಗಿರಾಕಿಯ ದೂರಿಗೆ ಮರ್ಯಾದೆಯ ಉತ್ತರ ಕೊಡೋಣ. ಸುಳ್ಳು ಹೊಗಳಿಕೆಯನ್ನು ಬರೆಯಿಸದಿರೋಣ. "ಮೊದಲ ಸ್ಥಾನ ಖಂಡಿತ" ಎಂದು ದುಡ್ಡು ಕೇಳುವವನನ್ನು ನಂಬಲಾಗದು. ಅಂತಹ ಭರವಸೆಯನ್ನು ಯಾರೂ ಕೊಡಲಾರರು.

ಇಷ್ಟಾದರೂ ಸ್ಥಾನ ಕುಸಿದರೆ ಗಾಬರಿಯಿಂದ ಪುಟಗಳನ್ನು ಕಿತ್ತುಹಾಕಬಾರದು. ಮಾರ್ಪಾಟು ಪೂರ್ಣವಾಗಿ ಜಾರಿಗೆ ಬರಲು ಕೆಲವು ವಾರಗಳೇ ಹಿಡಿಯುವುದುಂಟು. ಅದು ಮುಗಿದ ಮೇಲೆ, ಗೂಗಲ್ ಉಚಿತವಾಗಿ ಒದಗಿಸುವ 'ಸರ್ಚ್ ಕನ್ಸೋಲ್' ಲೆಕ್ಕದಲ್ಲಿ ಯಾವ ಪುಟ, ಯಾವ ದಿನದಿಂದ ಇಳಿಯಿತೆಂದು ನೋಡಬೇಕು. ತಪ್ಪಿದ್ದರೆ ತಿದ್ದಬೇಕು; ಫಲಕ್ಕೆ ತಿಂಗಳುಗಳು ಬೇಕಾದೀತು. ಕೆಲವೊಮ್ಮೆ ನಮ್ಮ ತಪ್ಪೇನೂ ಇರದೆ, ನೆರೆಯವನ ಪುಟವೇ ಉತ್ತಮವಾಗಿರಬಹುದು.

ದಿನದ ಗಲ್ಲಾ ಲೆಕ್ಕವನ್ನು ತಪ್ಪದೆ ಬರೆಯುವ ನಾವು, ತಿಂಗಳಿಗೊಮ್ಮೆ ಈ ಲೆಕ್ಕವನ್ನೂ ನೋಡುವುದು ಅಸಾಧ್ಯವೇನಲ್ಲ.