ನಿಂತಲ್ಲಿ ನಿಲ್ಲುವ ವಿದ್ಯೆ

ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನ ಮಕ್ಕಳಿಗೆ ಆಟಿಕೆಯೆಂಬುದು ದೂರದ ವಸ್ತುವಲ್ಲ. ಹತ್ತಿರದ ಚನ್ನಪಟ್ಟಣದಲ್ಲಿ ಆಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಉಳಿಯಿಂದ ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಮೆರುಗು ಕೊಡುವ ಕಸಬು ತಲೆಮಾರುಗಳಿಂದ ನಡೆದುಬಂದಿದೆ. ಹಾಗೆ ಹುಟ್ಟುವ ಆಟಿಕೆಗಳಲ್ಲಿ ಬುಗುರಿಯೂ ಒಂದು. ಸುಮ್ಮನೆ ಇಟ್ಟರೆ ಬುಗುರಿ ನಿಲ್ಲಲಾರದು. ತಿರುಗಿಸಿ ಬಿಟ್ಟರೆ ಮೊಳೆಯಷ್ಟು ತುದಿಯ ಮೇಲೆ ನೆಟ್ಟಗೆ ನಿಲ್ಲುತ್ತದೆ. ವೇಗ ಕುಂದಿದೊಡನೆ ತಲೆದೂಗಿ, ಓಲಾಡಿ, ಪಕ್ಕಕ್ಕೆ ಉರುಳುತ್ತದೆ. ಇದನ್ನು ಕಾಣದ ಮಗುವಿಲ್ಲ. ಆದರೆ ಇದರಲ್ಲಿ ಅಡಗಿರುವ ಗುಟ್ಟು ಎಲ್ಲೆಲ್ಲಿ ಕೆಲಸಕ್ಕೆ ಬರುತ್ತದೆಂಬುದನ್ನು ಯೋಚಿಸಿದವರು ಕಡಿಮೆ.

ಇಂದಿನ ಅಂಗಡಿಗಳಲ್ಲಿ ಬೇರೊಂದು ಬಗೆಯ ತಿರುಗುವ ಆಟಿಕೆಯೂ ದೊರೆಯುತ್ತದೆ. ಅದು ಅಂಗೈಯ ಮೇಲೆ ಕೂಡುವಷ್ಟು ಪುಟ್ಟ ಹೆಲಿಕಾಪ್ಟರು. ತೂಕ ಕೆಲವೇ ಹತ್ತು ಗ್ರಾಮುಗಳು. ಕೈಯಲ್ಲಿರುವ ನಿಯಂತ್ರಕದ ಕೋಲನ್ನು ಮುಂದಕ್ಕೆ ತಳ್ಳಿದರೆ ಅದು ಜೇನ್ನೊಣದಂತೆ ಗುಂಯ್‍ಗುಡುತ್ತ ನೆಲ ಬಿಟ್ಟು ಏಳುತ್ತದೆ. ನೋಡುವವರಿಗೆ ಎಷ್ಟು ಸುಲಭ! ಆದರೆ ಕೋಲು ಹಿಡಿದವರ ಕಷ್ಟ ಆಗ ಆರಂಭವಾಗುತ್ತದೆ. ಅದು ಮೊದಲು ಎಡಕ್ಕೆ ಸರಿಯುತ್ತದೆ; ಸರಿಪಡಿಸಹೋದರೆ ಬಲಕ್ಕೆ ಧಾವಿಸುತ್ತದೆ; ಇಳಿಸಲು ಹೋದರೆ ಕಲ್ಲಿನಂತೆ ಬೀಳುತ್ತದೆ; ಗಾಬರಿಯಿಂದ ಕೋಲನ್ನು ಒತ್ತಿದರೆ ತಾರಸಿಗೆ ಬಡಿಯುತ್ತದೆ. ಅದನ್ನು ಮೇಲಕ್ಕೆ ಏರಿಸಲು ಒಂದು ಕ್ಷಣ ಸಾಕು. ಎದೆಯೆತ್ತರದಲ್ಲಿ ಒಂದೇ ಕಡೆ ಒಂದು ನಿಮಿಷ ನಿಲ್ಲಿಸಲು ಹಲವು ದಿನಗಳ ಅಭ್ಯಾಸ ಬೇಕು. ಇದಕ್ಕೆ ಕಾರಣವೇನು?

ಹೆಲಿಕಾಪ್ಟರಿನ ತಲೆಯ ಮೇಲೆ ತಿರುಗುವ ಅಲಗುಗಳಿಗೆ ಒಟ್ಟಾಗಿ ರೋಟರು ಎಂದು ಹೆಸರು. ಪ್ರತಿಯೊಂದು ಅಲಗೂ ಒಂದು ಕಿರಿದಾದ ರೆಕ್ಕೆ. ಅದು ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಗಾಳಿ ಅದನ್ನು ಮೇಲಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮವನ್ನು ಓದಿದವರಿಗೆ ಇದು ತಿಳಿದ ಸಂಗತಿಯೇ. ಆದರೆ ಅದೇ ನಿಯಮ ಇನ್ನೊಂದು ತೊಡಕನ್ನೂ ತಂದೊಡ್ಡುತ್ತದೆ. ಯಂತ್ರವು ರೋಟರನ್ನು ಬಲಕ್ಕೆ ತಿರುಗಿಸಿದರೆ, ರೋಟರು ಯಂತ್ರದ ಒಡಲನ್ನು ಎಡಕ್ಕೆ ತಿರುಗಿಸಲು ನೋಡುತ್ತದೆ. ತಿರುಗುವ ಕುರ್ಚಿಯಲ್ಲಿ ಕಾಲೆತ್ತಿ ಕುಳಿತು ಮೈಯನ್ನು ಒಂದು ಕಡೆಗೆ ತಟ್ಟನೆ ತಿರುಚಿದರೆ ಕುರ್ಚಿ ಇನ್ನೊಂದು ಕಡೆಗೆ ತಿರುಗುವುದಿಲ್ಲವೆ? ಹಾಗೆಯೇ ಇದು. ದೊಡ್ಡ ಹೆಲಿಕಾಪ್ಟರುಗಳ ಬಾಲದಲ್ಲಿ ಅಡ್ಡಲಾಗಿ ತಿರುಗುವ ಚಿಕ್ಕ ರೋಟರು ಇರುವುದು ಈ ತಿರುಚನ್ನು ತಡೆಯುವುದಕ್ಕಾಗಿ. ಕಲಿಯುವವರ ಪುಟ್ಟ ಹೆಲಿಕಾಪ್ಟರುಗಳಲ್ಲಿ ಬೇರೆಯ ಉಪಾಯವಿದೆ. ಒಂದೇ ಅಚ್ಚಿನ ಸುತ್ತ ಒಂದರ ಮೇಲೊಂದರಂತೆ ಎರಡು ರೋಟರುಗಳು ಎದುರುಬದುರು ದಿಕ್ಕಿನಲ್ಲಿ ತಿರುಗುತ್ತವೆ. ಎರಡರ ತಿರುಚೂ ಸರಿಸಮವಾಗಿರುವ ತನಕ ಒಡಲು ಅಲುಗದು. ಒಂದನ್ನು ತುಸು ವೇಗಗೊಳಿಸಿ ಇನ್ನೊಂದನ್ನು ತುಸು ನಿಧಾನಗೊಳಿಸಿದರೆ ಮೂತಿ ಬೇಕಾದ ಕಡೆಗೆ ಹೊರಳುತ್ತದೆ.

ಇಂಥ ಹಲವು ಆಟಿಕೆಗಳಲ್ಲಿ ಮೇಲಿನ ರೋಟರಿನ ಜೊತೆಗೆ, ಎರಡೂ ತುದಿಗಳಲ್ಲಿ ಪುಟ್ಟ ತೂಕಗಳನ್ನು ಹೊತ್ತ ಒಂದು ಕಡ್ಡಿಯೂ ತಿರುಗುತ್ತಿರುತ್ತದೆ. ನಮ್ಮ ಬುಗುರಿ ಇಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ವೇಗವಾಗಿ ತಿರುಗುವ ವಸ್ತು ತಾನು ತಿರುಗುತ್ತಿರುವ ಮಟ್ಟವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹೆಲಿಕಾಪ್ಟರಿನ ಒಡಲು ವಾಲಿದರೂ ತೂಕದ ಕಡ್ಡಿ ತನ್ನ ಮಟ್ಟದಲ್ಲಿಯೇ ಉಳಿಯಲು ಹವಣಿಸುತ್ತದೆ. ತನಗೆ ಕೂಡಿಸಿದ ಸಣ್ಣ ಕೊಂಡಿಗಳ ಮೂಲಕ ಅಲಗುಗಳ ಓರೆಯನ್ನು ಬದಲಿಸಿ ಒಡಲನ್ನು ಮತ್ತೆ ನೆಟ್ಟಗೆ ಮಾಡುತ್ತದೆ. ಇನ್ನು ಕೆಲವು ಮಾದರಿಗಳಲ್ಲಿ ಈ ಕೆಲಸವನ್ನು ಉಗುರಿಗಿಂತ ಚಿಕ್ಕದಾದ ವಿದ್ಯುತ್ ಗೈರೋಸ್ಕೋಪು ಮಾಡುತ್ತದೆ.

ಹಾಗಾದರೆ ಮನುಷ್ಯನಿಗೆ ಉಳಿದ ಕೆಲಸವಾದರೂ ಏನು? ಇಲ್ಲೊಂದು ಸೂಕ್ಷ್ಮವಿದೆ. ನೆಟ್ಟಗೆ ನಿಲ್ಲುವುದು ಬೇರೆ, ನಿಂತಲ್ಲಿ ನಿಲ್ಲುವುದು ಬೇರೆ. ತೂಕದ ಕಡ್ಡಿಗೆ ಮೇಲು ಯಾವುದು ಕೆಳಗು ಯಾವುದು ಎಂಬುದಷ್ಟೇ ಗೊತ್ತು. ತಾನು ಕೋಣೆಯ ನಡುವೆ ಇದ್ದೇನೆಯೋ ಗೋಡೆಯ ಬಳಿಗೆ ತೇಲುತ್ತಿದ್ದೇನೆಯೋ ಎಂಬುದು ಅದಕ್ಕೆ ತಿಳಿಯದು. ನೀರಿನ ಮೇಲೆ ಬಿಟ್ಟ ಕಾಗದದ ದೋಣಿಯಂತೆ ಹೆಲಿಕಾಪ್ಟರು ನೆಟ್ಟಗೆ ಇದ್ದುಕೊಂಡೇ ಎಲ್ಲಿಗೆ ಬೇಕಾದರೂ ಸರಿದುಹೋಗಬಹುದು. ಆ ಸರಿತವನ್ನು ಕಾಣುವುದು ಕಲಿಯುವವರ ಕಣ್ಣು, ತಡೆಯುವುದು ಅವರ ಬೆರಳು. ಈ ಎರಡರ ನಡುವಿನ ಹೊಂದಾಣಿಕೆಯೇ ಈ ವಿದ್ಯೆ.

ಈ ಆಟಿಕೆಯ ವಂಶ ಹಳೆಯದು. 1878ರಲ್ಲಿ ಅಮೆರಿಕದ ಮಿಲ್ಟನ್ ರೈಟ್ ಎಂಬ ಪಾದ್ರಿ ತನ್ನ ಮಕ್ಕಳಿಗೆಂದು ಬಿದಿರು, ಬೆಂಡು, ಕಾಗದಗಳಿಂದ ಮಾಡಿದ, ರಬ್ಬರಿನ ಎಳೆಯ ಬಲದಿಂದ ಹಾರುವ ಆಟಿಕೆಯೊಂದನ್ನು ತಂದುಕೊಟ್ಟ. ಫ್ರಾನ್ಸಿನ ಆಲ್ಫೋನ್ಸ್ ಪೆನೋ ರೂಪಿಸಿದ್ದ ಮಾದರಿ ಅದು. ಆ ಮಕ್ಕಳು ವಿಲ್ಬರ್ ಮತ್ತು ಆರ್ವಿಲ್. ಅದು ಮುರಿಯುವ ತನಕ ಆಡಿದರು. ಬಳಿಕ ತಾವೇ ಅಂಥವನ್ನು ಮಾಡಿಕೊಂಡರು. ದೊಡ್ಡದಾಗಿ ಮಾಡಿದಷ್ಟೂ ಅದು ಹಾರಲು ಒಲ್ಲೆನೆಂದಿತು. 1903ರಲ್ಲಿ ಅವರು ಮನುಷ್ಯನನ್ನು ಹೊತ್ತು ಹಾರುವ ವಿಮಾನವನ್ನು ಕಟ್ಟಿದರೆಂಬುದು ಎಲ್ಲರಿಗೂ ಗೊತ್ತು. ಆದರೆ ಅವರು ಬಾಲ್ಯದಲ್ಲಿ ಆಡಿದ ಹೆಲಿಕಾಪ್ಟರು ದೊಡ್ಡ ರೂಪದಲ್ಲಿ ಪಳಗಲು ಇನ್ನೂ ದಶಕಗಳು ಬೇಕಾದವು. ಇಗೋರ್ ಸಿಕೋರ್ಸ್ಕಿಯ ಯಂತ್ರ ನೆಲದಿಂದ ಮೇಲೆದ್ದದ್ದು 1939ರ ಸೆಪ್ಟೆಂಬರಿನಲ್ಲಿ. ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯಲ್ಲಿ ರೂಪುಗೊಂಡ ‘ಧ್ರುವ’ ಹೆಲಿಕಾಪ್ಟರು 1992ರ ಆಗಸ್ಟ್ 20ರಂದು ಮೊದಲ ಬಾರಿಗೆ ಹಾರಿತು. ಹಾರುವ ಆ ಯಂತ್ರಕ್ಕೆ ಅಲುಗದ ನಕ್ಷತ್ರದ ಹೆಸರಿಟ್ಟದ್ದು ಸೊಗಸಾಗಿದೆ. ರೇಡಿಯೋ ನಿಯಂತ್ರಣದ ಆಟಿಕೆ ಹೆಲಿಕಾಪ್ಟರುಗಳು ಪಳಗಿದ್ದು 1970ರ ಸುಮಾರಿಗೆ. ಅವು ಎಂಜಿನ್ನು ಹೊತ್ತ, ಹೊಗೆಯುಗುಳುವ, ಬಯಲಿನಲ್ಲಿ ಮಾತ್ರ ಹಾರಿಸಬಹುದಾದ ಯಂತ್ರಗಳು. ಹಗುರವಾದ ಲಿಥಿಯಂ ಬ್ಯಾಟರಿಯೂ ಪುಟ್ಟ ಮೋಟಾರೂ ಅಗ್ಗವಾದ ಮೇಲೆಯೇ ಅವು ಮನೆಯೊಳಕ್ಕೆ ಬಂದವು.

ಮನೆಯೊಳಗೇ ಏಕೆ? ಹೊರಗಿನ ಗಾಳಿಯಿಂದಾಗಿ. ಹಿಪ್ಪುನೇರಳೆ ತೋಟದಲ್ಲಿ ಎಲೆ ಅಲುಗುವಷ್ಟು ಗಾಳಿ ನಮಗೆ ಹಿತವೆನಿಸಬಹುದು. ಕೆಲವೇ ಹತ್ತು ಗ್ರಾಮು ತೂಗುವ ಯಂತ್ರಕ್ಕೆ ಅದು ಬಿರುಗಾಳಿ. ತೆಂಗಿನ ಮರದ ತಲೆಯನ್ನು ಸೇರಿತೆಂದರೆ ಮರ ಹತ್ತುವವರನ್ನು ಕರೆತರಬೇಕಾಗುತ್ತದೆ. ಆದುದರಿಂದ ಶಾಲೆಯ ಸಭಾಂಗಣವೋ ಸಾಮಾನಿಲ್ಲದ ಹಜಾರವೋ ಬೇಕು. ಈ ಸೀಮೆಯಲ್ಲಿ ರೇಷ್ಮೆಗೂಡು ಬಿಡಿಸಿದ ಮೇಲೆ ಬರಿದಾಗುವ ಹುಳುಮನೆಯ ಮೇಲೂ ಹುಡುಗರ ಕಣ್ಣು ಬೀಳುವುದುಂಟು. ಸೋಂಕು ತಗಲದಂತೆ ತೊಳೆದು ಮುಚ್ಚಿಟ್ಟ ಜಾಗಕ್ಕೆ ಧೂಳು ಹೊತ್ತು ಹೋಗುವುದನ್ನು ಹಿರಿಯರು ಒಪ್ಪುವುದಿಲ್ಲ, ಒಪ್ಪಲೂಬಾರದು. ಸಭಾಂಗಣದಲ್ಲಿ ಕಿಟಕಿಗಳನ್ನು ಮುಚ್ಚಿ, ಫ್ಯಾನು ನಿಲ್ಲಿಸಿ, ನೋಡುವವರನ್ನು ಒಂದು ಗೋಡೆಯ ಬಳಿ ಕೂರಿಸಬೇಕು. ಅಲಗು ಹಗುರವಾದರೂ ಕಣ್ಣಿಗೆ ತಾಗಿದರೆ ಅಪಾಯ. ಕನ್ನಡಕ ಧರಿಸುವುದು ಲೇಸು. ಮುಖದ ಎತ್ತರದಲ್ಲಿ ಯಾರ ಬಳಿಗೂ ಒಯ್ಯಬಾರದು.

ಮುಚ್ಚಿದ ಕೋಣೆಯಲ್ಲಿಯೂ ಗಾಳಿಯ ಕಾಟ ಪೂರ್ತಿಯಾಗಿ ತಪ್ಪದು. ರೋಟರು ತಳ್ಳಿದ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ನೆಲಕ್ಕೆ ತೀರ ಹತ್ತಿರದಲ್ಲಿ ಹೆಲಿಕಾಪ್ಟರು ಆ ಗಾಳಿಯ ದಿಂಬಿನ ಮೇಲೆ ಜಾರಾಡುತ್ತದೆ. ಹೆದರಿ ಗೇಣೆತ್ತರದಲ್ಲಿ ಹಾರಿಸುವವರಿಗೇ ಹೆಚ್ಚು ತೊಂದರೆ. ಮೊಣಕಾಲಿಗಿಂತ ಮೇಲೆ ಹೋದರೆ ಅದು ಶಾಂತವಾಗುತ್ತದೆ. ಗೋಡೆಯ ಬಳಿ ಅದೇ ಗಾಳಿ ಹಿಂದಿರುಗಿ ಬಂದು ಯಂತ್ರವನ್ನು ಅಲ್ಲಾಡಿಸುತ್ತದೆ. ತಾರಸಿಗೆ ಅಂಟುವಷ್ಟು ಹತ್ತಿರ ಹೋದರೆ ಮೇಲಿನ ಗಾಳಿ ತೆಳುವಾಗಿ ಯಂತ್ರ ಇನ್ನೂ ಮೇಲಕ್ಕೆ ಸೆಳೆಯಲ್ಪಡುತ್ತದೆ.

ಕಲಿಕೆಯ ಮೊದಲ ಪಾಠ ಹಾರಿಸುವುದಲ್ಲ, ನಿಲ್ಲಿಸುವುದು. ಯಾವುದಕ್ಕಾದರೂ ಬಡಿಯುವುದು ಖಚಿತವೆಂದು ತೋರಿದೊಡನೆ ವೇಗದ ಕೋಲನ್ನು ಪೂರ್ತಿ ಕೆಳಕ್ಕೆ ಎಳೆಯಬೇಕು. ಅಲಗು ನಿಂತ ಯಂತ್ರ ಬಿದ್ದರೆ ಹೆಚ್ಚಿನ ಹಾನಿಯಿಲ್ಲ. ತಿರುಗುತ್ತಲೇ ಗೋಡೆಗೆ ತಾಗಿದರೆ ಅಲಗು ಮುರಿಯುತ್ತದೆ, ಹಲ್ಲುಚಕ್ರ ಸವೆಯುತ್ತದೆ. ಆದರೆ ಭಯಗೊಂಡ ಕೈ ಮಾಡುವುದು ಇದಕ್ಕೆ ವಿರುದ್ಧವಾದುದನ್ನು. ಗೋಡೆಯ ಬಳಿ ಕುಳಿತ ಗೆಳೆಯರು, “ಬಿಡೋ, ಕೋಲು ಬಿಡೋ!” ಎಂದು ಕೂಗುತ್ತಿದ್ದರೂ ಬೆರಳು ಮೇಲಕ್ಕೇ ಒತ್ತುತ್ತಿರುತ್ತದೆ. ಆದುದರಿಂದ ಮೊದಲ ದಿನ ಮೊಳದೆತ್ತರಕ್ಕೆ ಏರಿಸಿ ಇಳಿಸುವುದನ್ನೇ ಹತ್ತಾರು ಬಾರಿ ಮಾಡಬೇಕು. ಕೆಲವರು ಕೆಳಗಿನ ಕಾಲುಗಳಿಗೆ ತೆಳುವಾದ ಕಡ್ಡಿಗಳನ್ನು ಅಡ್ಡಡ್ಡಲಾಗಿ ಕಟ್ಟಿ, ನಾಲ್ಕು ತುದಿಗಳಿಗೂ ಟೇಬಲ್ ಟೆನಿಸ್ ಚೆಂಡುಗಳನ್ನು ಸಿಕ್ಕಿಸುತ್ತಾರೆ. ಓರೆಯಾಗಿ ಇಳಿದರೂ ಯಂತ್ರ ಮಗುಚುವುದಿಲ್ಲ. ಸೈಕಲ್ ಕಲಿಯುವ ಮಕ್ಕಳ ಪಕ್ಕದ ಗಾಲಿಗಳಂತೆ ಇದು.

ಬಳಿಕ ಬರುವುದು ನಿಂತಲ್ಲಿ ನಿಲ್ಲಿಸುವ ಪಾಠ. ಬಾಲ ನಮ್ಮ ಕಡೆಗೆ, ಮೂತಿ ಆಚೆಗೆ ಇರಬೇಕು. ಆಗ ಅದರ ಎಡವೇ ನಮ್ಮ ಎಡ. ಕೋಲನ್ನು ಅಲುಗಿಸಿದ ಕ್ಷಣಕ್ಕೂ ಹೆಲಿಕಾಪ್ಟರು ಚಲಿಸುವ ಕ್ಷಣಕ್ಕೂ ನಡುವೆ ಸಣ್ಣದೊಂದು ಅಂತರವಿದೆ. ಮೋಟಾರು ವೇಗ ಪಡೆಯಬೇಕು, ಅಲಗು ಗಾಳಿಯನ್ನು ಹಿಡಿಯಬೇಕು, ಒಡಲು ತನ್ನ ಜಡತ್ವವನ್ನು ಮೀರಬೇಕು. ಹೊಸಬರು ಈ ಅಂತರವನ್ನು ತಾಳಲಾರರು. ಒತ್ತಿದ್ದು ಸಾಲದೆಂದು ಮತ್ತಷ್ಟು ಒತ್ತುತ್ತಾರೆ. ಅಷ್ಟರಲ್ಲಿ ಮೊದಲ ಒತ್ತಿನ ಫಲ ಬಂದಿರುತ್ತದೆ. ಅದನ್ನು ತಡೆಯಲು ಹಿಂದಕ್ಕೆಳೆದಾಗ ಎರಡನೆಯದರ ಫಲ ಬರುತ್ತದೆ. ಹೀಗೆ ತೂಗಾಟ ಹೆಚ್ಚುತ್ತ ಹೋಗಿ ಯಂತ್ರ ನೆಲ ಸೇರುತ್ತದೆ. ಪಳಗಿದವರ ಬೆರಳುಗಳನ್ನು ಗಮನಿಸಿ. ಅವು ಸುಮ್ಮನಿರುವುದಿಲ್ಲ, ಆದರೆ ಭತ್ತದ ಕಾಳಿನಷ್ಟು ದೂರವೂ ಸರಿಯುವುದಿಲ್ಲ. ತುಸು ಒತ್ತಿ, ಬಿಟ್ಟು, ಕಾಯುತ್ತವೆ. ಹೆಲಿಕಾಪ್ಟರು ಏರುತ್ತಿರುವಾಗ, ಬೇಕಾದ ಎತ್ತರ ಮುಟ್ಟುವ ಮೊದಲೇ ಕೋಲನ್ನು ಇಳಿಸುತ್ತವೆ. ನೋಡುವವರ ಕಣ್ಣಿಗೆ ಯಂತ್ರ ಕದಲದೆ ನಿಂತಿದೆ. ನಿಜದಲ್ಲಿ ಅದು ಕ್ಷಣಕ್ಷಣಕ್ಕೂ ಬೀಳಲು ತೊಡಗುತ್ತಿದೆ, ಕ್ಷಣಕ್ಷಣಕ್ಕೂ ತಡೆಯಲ್ಪಡುತ್ತಿದೆ.

ತಡವಾಗಿ ಬಂದ ಸುದ್ದಿಯನ್ನು ನಂಬಿ ತಿದ್ದಹೋದರೆ ಏನಾಗುತ್ತದೆಂಬುದಕ್ಕೆ ಮಂಗಳಗ್ರಹದಲ್ಲಿ ಒಂದು ನಿದರ್ಶನ ದೊರೆತಿದೆ. ಅಮೆರಿಕದ ನಾಸಾ ಸಂಸ್ಥೆ ‘ಇಂಜೆನ್ಯುಯಿಟಿ’ ಎಂಬ 1.8 ಕಿಲೋಗ್ರಾಂ ತೂಕದ ಹೆಲಿಕಾಪ್ಟರನ್ನು ಅಲ್ಲಿಗೆ ಕಳುಹಿಸಿತು. ನಮ್ಮ ಆಟಿಕೆಯಂತೆ ಅದಕ್ಕೂ ಒಂದರ ಮೇಲೊಂದಾಗಿ ಎದುರುಬದುರು ತಿರುಗುವ ಎರಡು ರೋಟರುಗಳು. ಅದರ ಆರಂಭದ ಹಾರಾಟಗಳೂ ಒಳಾಂಗಣದಲ್ಲಿಯೇ ನಡೆದವು. ಮಂಗಳದ ತೆಳುಗಾಳಿಯನ್ನು ಹೋಲುವಂತೆ ಗಾಳಿಯನ್ನು ಹೊರತೆಗೆದ ದೊಡ್ಡ ಕೊಠಡಿಯೊಂದರಲ್ಲಿ. 2021ರ ಏಪ್ರಿಲ್ 19ರಂದು ಅದು ಮಂಗಳದ ನೆಲದಿಂದ 3 ಮೀಟರ್ ಏರಿ, ಅಲ್ಲಿಯೇ ನಿಂತು, ಸುಮಾರು 39 ಸೆಕೆಂಡುಗಳ ಬಳಿಕ ಇಳಿಯಿತು. ಭೂಮಿಯಿಂದ ಸಂಕೇತ ಹೋಗಿ ಮುಟ್ಟಲು ನಿಮಿಷಗಳೇ ಬೇಕಾದುದರಿಂದ ಅಲ್ಲಿ ಮನುಷ್ಯನ ಬೆರಳಿಗೆ ಕೆಲಸವಿಲ್ಲ. ಕಣ್ಣಿನ ಬದಲು ನೆಲವನ್ನು ನೋಡುವ ಕ್ಯಾಮರಾ ಸೆಕೆಂಡಿಗೆ 30 ಚಿತ್ರಗಳನ್ನು ತೆಗೆಯುತ್ತಿತ್ತು. ಅದೇ ವರ್ಷ ಮೇ 22ರ ಆರನೆಯ ಹಾರಾಟದಲ್ಲಿ ಒಂದೇ ಒಂದು ಚಿತ್ರ ಕಳೆದುಹೋಯಿತು. ಅಲ್ಲಿಂದಾಚೆಗೆ ಬಂದ ಚಿತ್ರಗಳಿಗೆಲ್ಲ ತಪ್ಪು ವೇಳೆಯ ಗುರುತು ಬಿದ್ದಿತು. ಯಂತ್ರ ಹಳೆಯ ಸುದ್ದಿಯನ್ನು ಹೊಸದೆಂದು ನಂಬಿ ತಿದ್ದತೊಡಗಿತು. 20 ಡಿಗ್ರಿಗಿಂತ ಹೆಚ್ಚು ಹಿಂದಕ್ಕೂ ಮುಂದಕ್ಕೂ ವಾಲಾಡಿತು. ಸಭಾಂಗಣದಲ್ಲಿ ಹೊಸಬರ ಕೈಯಲ್ಲಿ ಕಾಣುವ ತೂಗಾಟವೇ ಅದು! ಆದರೂ ಬೀಳದೆ, ಗುರಿಯಿಂದ ಸುಮಾರು 5 ಮೀಟರ್ ದೂರದಲ್ಲಿ ಇಳಿಯಿತು. 2024ರ ಜನವರಿಯಲ್ಲಿ ಅಲಗುಗಳಿಗೆ ಪೆಟ್ಟಾಗಿ ನಿಲ್ಲುವ ವೇಳೆಗೆ ಅದು 72 ಬಾರಿ ಹಾರಿತ್ತು.

ನಮ್ಮ ಸಭಾಂಗಣಕ್ಕೆ ಮರಳೋಣ. ಬಾಲ ನಮ್ಮ ಕಡೆಗಿದ್ದಾಗ ನಿಲ್ಲಿಸಲು ಬಂದಿತೆಂದು ಹಿಗ್ಗುವವರು ಒಮ್ಮೆ ಮೂತಿಯನ್ನು ತಮ್ಮ ಕಡೆಗೆ ತಿರುಗಿಸಿ ನೋಡಬೇಕು. ಕಲಿತದ್ದೆಲ್ಲ ತಲೆಕೆಳಗಾಗುತ್ತದೆ. ಈಗ ಅದರ ಎಡ ನಮ್ಮ ಬಲ. ಕನ್ನಡಿಯಲ್ಲಿ ನೋಡಿಕೊಂಡು ಬೈತಲೆ ತೆಗೆಯುವಾಗ ಕೈ ತಡವರಿಸುವಂತೆ ಇಲ್ಲಿಯೂ ಬೆರಳು ತಡವರಿಸುತ್ತದೆ. ನನ್ನ ಮಟ್ಟಿಗೆ ಈ ವಿದ್ಯೆಯ ನಿಜವಾದ ಹೊಸ್ತಿಲು ಇದೇ. ತಾನೇ ಅದರೊಳಗೆ ಕುಳಿತಂತೆ ಭಾವಿಸುವುದು ಒಂದು ಉಪಾಯ. ಪಕ್ಕಕ್ಕೂ ವಾಲಬಲ್ಲ, ತುಸು ಮುಂದುವರಿದ ಮಾದರಿಗಳನ್ನು ಹಾರಿಸುವವರಲ್ಲಿ ಇನ್ನೊಂದು ಸೂತ್ರ ಬಳಕೆಯಲ್ಲಿದೆ: ಎದುರಿಗಿರುವ ಯಂತ್ರ ಯಾವ ಬದಿಗೆ ವಾಲಿ ಬೀಳುತ್ತಿದೆಯೋ ಅದೇ ಬದಿಗೆ ಕೋಲನ್ನು ಒತ್ತಬೇಕು, ಬೀಳುವ ಬೇಲಿಗೆ ಊರೆಗೋಲು ಕೊಟ್ಟಂತೆ. ಸೂತ್ರವನ್ನು ನೆನೆಯುತ್ತ ಕುಳಿತರೆ ಯಂತ್ರ ಬಿದ್ದಿರುತ್ತದೆ. ಬೆರಳಿಗೆ ಅದು ನೆನೆಯದೆಯೇ ಬರಬೇಕು.

ಬಿದ್ದಾಗ ಅಲಗುಗಳನ್ನು ಪರೀಕ್ಷಿಸಬೇಕು. ಒಂದರ ತುದಿ ಚೂರು ಹಾರಿಹೋದರೂ ತೂಕ ಏರುಪೇರಾಗಿ ಯಂತ್ರ ನಡುಗತೊಡಗುತ್ತದೆ. ಮರದ ತುಂಡನ್ನು ನಟ್ಟನಡುವೆ ಸಿಕ್ಕಿಸದಿದ್ದರೆ ಲೇತು ಅದರುವುದನ್ನು ಬಲ್ಲ ಚನ್ನಪಟ್ಟಣದ ಕುಶಲಕರ್ಮಿಗೆ ಇದನ್ನು ವಿವರಿಸಬೇಕಾಗಿಲ್ಲ. ಬ್ಯಾಟರಿಯ ಬಗೆಗೂ ಎಚ್ಚರ ಬೇಕು. ಅದು ಊದಿಕೊಂಡಿದ್ದರೆ ಬಳಸಕೂಡದು. ಚಾರ್ಜಿಗೆ ಹಾಕಿ ಮಲಗಿಬಿಡಕೂಡದು. ಹಾಸಿಗೆ, ಕಾಗದಗಳ ಮೇಲಿಡಕೂಡದು.

ಒಂದು ಸಲ ತುಂಬಿದ ಬ್ಯಾಟರಿ ಐದಾರು ನಿಮಿಷಗಳಿಗೆ ಸಾಕು. ಅದು ಮುಗಿಯುತ್ತ ಬಂದಂತೆ ಮೊದಲು ಸದ್ದು ಕುಗ್ಗುತ್ತದೆ. ಕೋಲನ್ನು ಒತ್ತಿದ್ದರೂ ಯಂತ್ರ ತಾನಾಗಿಯೇ ಮೆಲ್ಲನೆ ಇಳಿಯತೊಡಗುತ್ತದೆ. ಹಟ ಹಿಡಿಯದೆ ಆಗಲೇ ಇಳಿಸಬೇಕು. ಅಲಗುಗಳು ಪೂರ್ತಿಯಾಗಿ ನಿಂತ ಮೇಲೆ ಯಂತ್ರವನ್ನು ಕೈಗೆತ್ತಿಕೊಂಡು ಸ್ವಿಚ್ಚನ್ನು ಆರಿಸಿ, ಬಿಸಿಯಾದ ಮೋಟಾರು ತಣಿಯಲು ಬಿಡಬೇಕು. ಇನ್ನು ಕಿಟಕಿಗಳನ್ನು ತೆರೆಯಬಹುದು. ಗೋಡೆಯ ಬಳಿ ಬೆವರುತ್ತ ಕುಳಿತವರಿಗಾಗಿ ಫ್ಯಾನನ್ನೂ ಹಾಕಬಹುದು.